ಮೆಣಸಿನಕಾಯಿ ಗಿಡವೇ, ನಾಲಿಗೆ ತೋರಿಸು!

ಮಕ್ಕಳೇ, ಜ್ವರ ಬಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ಏನು ಹೇಳುತ್ತಾರೆ? "ಎಲ್ಲಿ, ನಾಲಿಗೆ ತೋರಿಸು" ಎನ್ನುತ್ತಾರೆ. ಕಣ್ಣಿನ ರೆಪ್ಪೆ ಎಳೆದು ನೋಡುತ್ತಾರೆ. "ಎಷ್ಟು ದಿನದಿಂದ ಹೀಗಿದೆ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ನಿನ್ನೆ ಏನು ತಿಂದೆ?" ಎಂದು ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೆಯೇ ಮಾತ್ರೆ ಬರೆದುಕೊಡುವುದು. ನೋಡದೆ, ಕೇಳದೆ ಮಾತ್ರೆ ಕೊಡುವ ಡಾಕ್ಟರ ಬಳಿ ನೀವು ಹೋಗುತ್ತೀರಾ?

ಗಿಡಕ್ಕೂ ಕಾಯಿಲೆ ಬರುತ್ತದೆ, ಹಸಿವಾಗುತ್ತದೆ, ಅಜೀರ್ಣವೂ ಆಗುತ್ತದೆ. ಆದರೆ "ಇಲ್ಲಿ ನೋವು" ಎಂದು ಹೇಳಲು ಅದಕ್ಕೆ ಬಾಯಿಲ್ಲ. ಇರುವುದು ನಾಲಿಗೆ ಮಾತ್ರ. ಎಲೆಯೇ ಅದರ ನಾಲಿಗೆ. ಅದನ್ನು ನೋಡಿ ಗಿಡದ ಕಷ್ಟವನ್ನು ಕಂಡುಹಿಡಿಯುವುದು ಹೇಗೆ ಎಂದು ಈ ಸಲ ತಿಳಿಯೋಣ. ಅದಕ್ಕಾಗಿ ನಾವು ಆರಿಸಿಕೊಂಡಿರುವುದು ಮೆಣಸಿನಕಾಯಿ ಗಿಡ. ಹಸಿಮೆಣಸಿನಕಾಯಿ, ಬ್ಯಾಡಗಿ, ದೊಣ್ಣೆ ಮೆಣಸಿನಕಾಯಿ ಎಲ್ಲವೂ ಒಂದೇ ಕುಟುಂಬದವು. ಅದರಲ್ಲೂ ನಾವು ನೋಡುವುದು ಮಣ್ಣೇ ಇಲ್ಲದೆ, ಬರೀ ನೀರಿನ ಆಧಾರದಲ್ಲಿ ಬೆಳೆಯುವ ಗಿಡವನ್ನು.

ಮಣ್ಣಿಲ್ಲದೆ ಗಿಡವೇ?

ಹೌದು! ಈ ವಿಧಾನಕ್ಕೆ ಜಲಕೃಷಿ ಅಥವಾ ಹೈಡ್ರೋಪೋನಿಕ್ಸ್ ಎಂದು ಹೆಸರು. 1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ ಎಂಬ ವಿಜ್ಞಾನಿ ಈ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಹೈಡ್ರೋ ಎಂದರೆ ನೀರು, ಪೋನೋಸ್ ಎಂದರೆ ದುಡಿಮೆ. ನೀರೇ ದುಡಿಯುವ ಬೇಸಾಯ ಎನ್ನೋಣವೇ? ನಮ್ಮ ದೇಶಕ್ಕೂ ಇದು ತೀರಾ ಹೊಸದೇನಲ್ಲ. 1946ರಲ್ಲೇ ಈಗಿನ ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶಾಲ್ಟೊ ಡಗ್ಲಾಸ್ ಎಂಬವರು ಇದರ ಪ್ರಯೋಗಗಳನ್ನು ನಡೆಸಿದ್ದರು.

ಕೆಲವರು ಮುಚ್ಚಳವಿರುವ ಬಕೆಟಿನಲ್ಲಿ ಗೊಬ್ಬರದ ಲವಣಗಳನ್ನು ಕರಗಿಸಿದ ನೀರು ತುಂಬಿ, ಮುಚ್ಚಳದ ತೂತಿನಲ್ಲಿ ಗಿಡ ನಿಲ್ಲಿಸುತ್ತಾರೆ. ಕೆಲವರು ಪ್ಲಾಸ್ಟಿಕ್ ಕೊಳವೆಗಳಲ್ಲಿ ಆ ನೀರನ್ನು ಹರಿಸುತ್ತಾರೆ. ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಗಿಡ ನೆಟ್ಟು ಹನಿಹನಿಯಾಗಿ ನೀರು ಕೊಡುವವರೂ ಇದ್ದಾರೆ. ದೊಣ್ಣೆ ಮೆಣಸಿನಕಾಯಿಗೆ ಈ ಕೊನೆಯದು ಚೆನ್ನಾಗಿ ಒಗ್ಗುತ್ತದೆ. ನೆದರ್ಲೆಂಡ್ಸ್ ದೇಶದಲ್ಲಂತೂ ಗಾಜಿನ ಮನೆಗಳೊಳಗೆ, ಕಲ್ಲನ್ನು ಕರಗಿಸಿ ನೂಲಿನಂತೆ ಎಳೆದು ಮಾಡಿದ ಮೆತ್ತೆಗಳ ಮೇಲೆ ಇದನ್ನು ಬೆಳೆಯುತ್ತಾರೆ. 2021ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ಸುಟ್ಟ ಜೇಡಿಯ ಹರಳುಗಳಲ್ಲಿ ಮೆಣಸಿನಕಾಯಿ ಬೆಳೆಸಿ, ಅಲ್ಲೇ ಕೊಯ್ದು ತಿಂದರು. ಖಾರವಿಲ್ಲದ ಊಟ ಅವರಿಗೂ ಬೇಸರವಾಗಿತ್ತೇನೋ!

ಗಿಡ ಬದುಕಲು 17 ಧಾತುಗಳು ಬೇಕು. ಅವುಗಳಲ್ಲಿ ಇಂಗಾಲ, ಆಮ್ಲಜನಕ, ಜಲಜನಕ ಈ ಮೂರು ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಉಳಿದ 14 ಬೇರಿನ ಮೂಲಕ ಬರಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಇವು ಹೆಚ್ಚಾಗಿ ಬೇಕು. ಕಬ್ಬಿಣ, ಸತು, ಬೋರಾನ್ ಮುಂತಾದವು ಚಿಟಿಕೆಯಷ್ಟು ಸಾಕು. ಆದರೆ ಆ ಚಿಟಿಕೆ ಇಲ್ಲದಿದ್ದರೆ ಗಿಡ ಉಳಿಯದು.

ಮಣ್ಣು ಹಳೆಯ ಕಾಲದ ಮನೆಯ ಕಣಜದಂತೆ. ಒಂದು ವಾರ ಯಾರೂ ಏನೂ ತಂದು ಹಾಕದಿದ್ದರೂ ಒಳಗೆ ಒಂದಿಷ್ಟು ಇರುತ್ತದೆ. ಜಲಕೃಷಿಯ ನೀರು ಬುತ್ತಿ ಇದ್ದಂತೆ. ನಾವು ಕಟ್ಟಿಕೊಟ್ಟದ್ದಷ್ಟೇ ಗಿಡಕ್ಕೆ ಸಿಗುವುದು. ಉಪ್ಪು ಮರೆತರೆ ಸಪ್ಪೆ, ಹೆಚ್ಚಾದರೆ ಬಾಯಿಗೆ ಇಡುವಂತಿಲ್ಲ. ಹೊಲದಲ್ಲಿ ತಿಂಗಳ ಮೇಲೆ ಕಾಣುವ ಕೊರತೆ ಇಲ್ಲಿ ಕೆಲವೇ ದಿನಗಳಲ್ಲಿ ಎಲೆಯ ಮೇಲೆ ಕಾಣಿಸುತ್ತದೆ. ಇದು ಒಳ್ಳೆಯದೂ ಹೌದು, ಅಪಾಯವೂ ಹೌದು. ಸರಿಯಾಗಿ ಓದಿದರೆ ಬೇಗ ಸರಿಪಡಿಸಬಹುದು. ತಪ್ಪಾಗಿ ಓದಿ ಬೇಡದ ಲವಣ ಸುರಿದರೆ ಒಂದೇ ತೊಟ್ಟಿಯ ನೀರು ಕುಡಿಯುವ ಎಲ್ಲ ಗಿಡಗಳೂ ಒಟ್ಟಿಗೆ ಬಾಡುತ್ತವೆ.

ಹಾಗಾದರೆ ಎಲೆ ಹಳದಿಯಾದ ಕೂಡಲೇ ಗೊಬ್ಬರದ ಡಬ್ಬಿಗೆ ಕೈ ಹಾಕುವುದು ಬೇಡ. ಮೊದಲು ಡಾಕ್ಟರಂತೆ ನೋಡೋಣ.

ಮೇಲಿನ ಎಲೆಯೋ, ಕೆಳಗಿನ ಎಲೆಯೋ?

ಇದೇ ಮೊದಲ ಪ್ರಶ್ನೆ. ಬಣ್ಣಕ್ಕಿಂತಲೂ ಮುಖ್ಯವಾದದ್ದು ಇದು. ಹಳದಿ ಬಣ್ಣ ಹತ್ತು ಕಾರಣಗಳಿಂದ ಬರಬಹುದು. ಆದರೆ ಅದು ಎಲ್ಲಿಂದ ಶುರುವಾಯಿತು ಎಂಬುದು ಆ ಹತ್ತರಲ್ಲಿ ಅರ್ಧವನ್ನು ಒಂದೇ ಏಟಿಗೆ ತಳ್ಳಿಹಾಕುತ್ತದೆ.

ಬರಗಾಲದ ಕತೆಗಳನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೀರಲ್ಲವೇ? ಮನೆಯಲ್ಲಿ ಊಟ ಸಾಲದಾದಾಗ ಹಿರಿಯರು ತಮ್ಮ ತುತ್ತನ್ನು ಮಕ್ಕಳ ತಟ್ಟೆಗೆ ಹಾಕುತ್ತಿದ್ದರು. ಗಿಡದಲ್ಲೂ ಹಾಗೆಯೇ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡಬಲ್ಲ ಧಾತುಗಳು. ಕೊರತೆ ಬಂದಾಗ ಗಿಡ ಇವನ್ನು ಕೆಳಗಿನ ಹಳೆಯ ಎಲೆಗಳಿಂದ ಹೊರತೆಗೆದು ಮೇಲಿನ ಚಿಗುರಿಗೆ ಕಳಿಸುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಸೊರಗುತ್ತವೆ. ತುದಿ ಹಸಿರಾಗಿಯೇ ಇರುತ್ತದೆ.

ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್ ಹಾಗಲ್ಲ. ಅವು ಗೋಡೆಗೆ ಇಟ್ಟ ಇಟ್ಟಿಗೆಗಳಂತೆ. ಒಮ್ಮೆ ಒಂದು ಎಲೆಯಲ್ಲಿ ಕೂತರೆ ಅಲ್ಲಿಂದ ಕಿತ್ತು ಬೇರೆಡೆ ಸಾಗಿಸುವುದು ಗಿಡಕ್ಕೆ ಸಾಧ್ಯವಾಗದು. ಇವುಗಳ ಕೊರತೆಯಾದಾಗ ಹಳೆಯ ಎಲೆಗಳು ಆರಾಮವಾಗಿರುತ್ತವೆ. ಹೊಸದಾಗಿ ಹುಟ್ಟುವ ಎಲೆಗಳು ಬರಿಗೈಯಲ್ಲಿ ಹುಟ್ಟುತ್ತವೆ.

ಈಗ ಕೆಳಗಿನ ಎಲೆಗಳನ್ನು ಹತ್ತಿರದಿಂದ ನೋಡೋಣ. ಎಲೆ ಪೂರ್ತಿ, ನರಗಳೂ ಸೇರಿದಂತೆ, ಒಂದೇ ಸಮನಾಗಿ ಮಾಸಲು ಹಳದಿಯಾಗಿದೆ, ಕಾಂಡ ಸಣಕಲಾಗಿದೆ, ಮುಟ್ಟಿದರೆ ಎಲೆ ಉದುರುತ್ತದೆ ಎಂದರೆ ಸಾರಜನಕದ ಹಸಿವು. ಎಲೆಯ ನರಗಳು ಹಸಿರಾಗಿದ್ದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ ಕಡಿಮೆಯಾಗಿದೆ. ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು ಎಂದು ಓದಿದ್ದೀರಿ. ಪತ್ರಹರಿತ್ತಿನ ಪ್ರತಿಯೊಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಅದನ್ನು ಕಿತ್ತು ಮೇಲೆ ಕಳಿಸಿದರೆ ಹಸಿರು ಉಳಿಯುವುದು ಹೇಗೆ? ದೊಣ್ಣೆ ಮೆಣಸಿನಕಾಯಿಯಲ್ಲಿ ಒಟ್ಟಿಗೆ ಹಲವು ಕಾಯಿಗಳು ಬಲಿಯುವ ಹೊತ್ತಿಗೆ ಈ ಲಕ್ಷಣ ಹೆಚ್ಚಾಗಿ ಕಾಣುತ್ತದೆ. ಎಲೆಯ ಅಂಚು ಮೊದಲು ಹಳದಿಯಾಗಿ, ಆಮೇಲೆ ಬೆಂಕಿಗೆ ಹಿಡಿದ ಕಾಗದದಂತೆ ಕಂದಾಗಿ ಸುಟ್ಟಿದ್ದರೆ ಪೊಟ್ಯಾಸಿಯಂ ಕೊರತೆ ಇರಬಹುದು. ರಂಜಕದ ಕೊರತೆಯಲ್ಲಿ ಎಲೆ ಹಳದಿಯಾಗುವ ಬದಲು ಕಡುಹಸಿರಾಗಿ, ಕೆಲವೊಮ್ಮೆ ನೇರಳೆ ಛಾಯೆ ಪಡೆದು, ಗಿಡ ಕುಳ್ಳಗೆ ಉಳಿಯುತ್ತದೆ. ಹಳದಿಯನ್ನೇ ಹುಡುಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಕಬ್ಬಿಣದ ಕತೆ

ಇನ್ನು ಮೇಲಿನ ಎಲೆಗಳು. ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಾಣುತ್ತಿದ್ದರೆ ಅದು ಕಬ್ಬಿಣದ ಕೊರತೆ. ಮೆಗ್ನೀಸಿಯಂ ಕೊರತೆಗೂ ಇದಕ್ಕೂ ಚಿತ್ರ ಹೆಚ್ಚುಕಡಿಮೆ ಒಂದೇ. ಒಂದು ಕೆಳಗೆ, ಒಂದು ಮೇಲೆ, ಅಷ್ಟೇ. ಎರಡು ಎಲೆಗಳನ್ನು ಕಿತ್ತು ಮೇಜಿನ ಮೇಲೆ ಇಟ್ಟರೆ ಎಂಥ ಅನುಭವಿಯೂ ತಡವರಿಸಬಹುದು. ಅದಕ್ಕೇ ಎಲೆಯನ್ನು ಕಿತ್ತು ಒಯ್ದು ಕೇಳುವುದಕ್ಕಿಂತ ಗಿಡದ ಬಳಿ ಕರೆದುಕೊಂಡು ಹೋಗಿ ತೋರಿಸುವುದು ಮೇಲು.

ಇದನ್ನು ಮೊದಲು ಕಂಡುಕೊಂಡವರು ಫ್ರಾನ್ಸಿನ ಯೂಸೆಬ್ ಗ್ರಿ. 1840ರ ದಶಕದಲ್ಲಿ ಅವರು ಬಿಳಿಚಿಕೊಂಡ ಎಲೆಗಳ ಮೇಲೆ ಕಬ್ಬಿಣದ ಲವಣದ ದ್ರಾವಣವನ್ನು ಹಚ್ಚಿ ನೋಡಿದರು. ಎಲೆಗಳು ಹಸಿರಾದವು! ಮುಂದೆ 1860ರ ಸುಮಾರಿಗೆ ಜರ್ಮನಿಯ ಜೂಲಿಯಸ್ ಸ್ಯಾಕ್ಸ್ ಗಿಡಗಳನ್ನು ಮಣ್ಣಿಲ್ಲದೆ ಲವಣದ ನೀರಿನಲ್ಲೇ ಬೆಳೆಸಿದರು. ಆ ನೀರಿನಿಂದ ಒಂದೊಂದೇ ವಸ್ತುವನ್ನು ಬಿಟ್ಟು ನೋಡಿದರೆ, ಅದು ಇಲ್ಲದಾಗ ಗಿಡಕ್ಕೆ ಏನಾಗುತ್ತದೆ ಎಂದು ತಿಳಿಯಬಹುದಲ್ಲವೇ? ಕಬ್ಬಿಣ ಬಿಟ್ಟಾಗ ಮುಸುಕಿನ ಜೋಳದ ಮೊದಲ ಎಲೆಗಳು ಹಸಿರಾಗಿಯೇ ಬಂದವು, ಏಕೆಂದರೆ ಬೀಜದೊಳಗೆ ತಾಯಿಗಿಡ ಒಂದಿಷ್ಟು ಕಬ್ಬಿಣ ಕಟ್ಟಿಕೊಟ್ಟಿತ್ತು. ಅದು ಮುಗಿದ ಮೇಲೆ ಬಂದ ಎಲೆಗಳು ಬೆಳ್ಳಗಾದವು. ಇಂದಿನ ಜಲಕೃಷಿ ಶುರುವಾದದ್ದು ಹಣ ಗಳಿಸಲು ಅಲ್ಲ, ಇಂಥ ಪ್ರಶ್ನೆಗಳನ್ನು ಗಿಡಕ್ಕೆ ಕೇಳಲು.

ತಮಾಷೆ ಎಂದರೆ ಪತ್ರಹರಿತ್ತಿನ ಅಣುವಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ! ಆದರೆ ಪತ್ರಹರಿತ್ತನ್ನು ತಯಾರಿಸುವ ಕೆಲಸಕ್ಕೆ ಅದು ಬೇಕು. ರೊಟ್ಟಿಯಲ್ಲಿ ಹೆಂಚು ಇರುವುದಿಲ್ಲ, ಹೆಂಚಿಲ್ಲದೆ ರೊಟ್ಟಿಯೂ ಇಲ್ಲ.

ಎಳೆಯ ಎಲೆ ಹಳದಿಯಾಗದೆ, ಸುಕ್ಕುಗಟ್ಟಿ, ಅಂಚು ಕಂದಾಗಿ, ಆಕಾರಗೆಟ್ಟು ಬಂದರೆ ಅದು ಕ್ಯಾಲ್ಸಿಯಂ ಕೊರತೆ. ಜೊತೆಗೆ ಕಾಯಿಯ ತುದಿಯಲ್ಲಿ ಒದ್ದೆಯಾದಂಥ ಕಲೆ ಮೂಡಿ, ಕಂದಾಗಿ ಕುಸಿಯುತ್ತದೆ. ಅದನ್ನು ಕಾಯಿತುದಿ ಕೊಳೆ ಎನ್ನುತ್ತಾರೆ.

ನೀರಿನಲ್ಲಿ ಇದ್ದರೆ ಸಾಕೆ?

ಇಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿರಾ? ಕಬ್ಬಿಣ ಕಡಿಮೆ, ಕಬ್ಬಿಣ ಹಾಕು. ಕ್ಯಾಲ್ಸಿಯಂ ಕಡಿಮೆ, ಕ್ಯಾಲ್ಸಿಯಂ ಹಾಕು! ಹೆಚ್ಚಿನವರು ಎಡವುವುದು ಇಲ್ಲೇ. ಎಲೆ ಹೇಳುವುದು "ನನಗೆ ಕಬ್ಬಿಣ ಸಿಗುತ್ತಿಲ್ಲ" ಎಂದು ಮಾತ್ರ. "ತೊಟ್ಟಿಯಲ್ಲಿ ಕಬ್ಬಿಣ ಇಲ್ಲ" ಎಂದು ಅದು ಹೇಳುವುದಿಲ್ಲ. ಇವೆರಡೂ ಬೇರೆ ಬೇರೆ ಮಾತು.

ಒಂದು ತೊಟ್ಟಿಯನ್ನು ಊಹಿಸಿಕೊಳ್ಳಿ. ಹತ್ತು ಗಿಡ. ಹತ್ತರಲ್ಲೂ ಚಿಗುರೆಲೆ ಹಳದಿ, ನರ ಹಸಿರು. ಯಜಮಾನರು ಕಬ್ಬಿಣದ ಪುಡಿ ತಂದು ಅಳತೆಯಂತೆ ಹಾಕಿದರು. ವಾರ ಕಳೆಯಿತು. ಹೊಸ ಎಲೆಗಳೂ ಹಳದಿಯೇ. ಇನ್ನೂ ಒಂದು ಚಮಚ ಹಾಕಿದರು. ಏನೂ ಆಗಲಿಲ್ಲ. ಆಗ ಯಾರೋ ನೀರಿನ ಪಿಎಚ್ ಅಳೆದರು. 7.8 ಇತ್ತು!

ಒಂದು ದ್ರಾವಣ ಎಷ್ಟು ಆಮ್ಲೀಯ ಅಥವಾ ಎಷ್ಟು ಪ್ರತ್ಯಾಮ್ಲೀಯ ಎಂದು ತೋರಿಸುವ ಅಳತೆಯೇ ಪಿಎಚ್. 7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆ ಇದ್ದರೆ ಹುಳಿಯ ಕಡೆಗೆ, ಹೆಚ್ಚಿದ್ದರೆ ಸೋಪಿನ ನೀರಿನ ಕಡೆಗೆ. ಈ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. 6ಕ್ಕೂ 8ಕ್ಕೂ ನಡುವೆ ನೂರು ಪಟ್ಟು ವ್ಯತ್ಯಾಸ! ಜಲಕೃಷಿಯಲ್ಲಿ ಮೆಣಸಿನಕಾಯಿ ಗಿಡಕ್ಕೆ 5.5ರಿಂದ 6.5ರ ನಡುವಿನ ಪಿಎಚ್ ಹಿತ. ಅದಕ್ಕಿಂತ ಮೇಲೇರುತ್ತಾ ಹೋದಂತೆ ಕರಗಿದ್ದ ಕಬ್ಬಿಣ ತುಕ್ಕಿನಂಥ ಪುಡಿಯಾಗಿ ತಳ ಸೇರುತ್ತದೆ. ಬೇರು ಕುಡಿಯುವುದು ಕರಗಿದ್ದನ್ನು ಮಾತ್ರ. ಕಲ್ಲುಸಕ್ಕರೆಯ ದೊಡ್ಡ ಗಟ್ಟಿಯನ್ನು ಮುಂದಿಟ್ಟು ಹೀರುಕೊಳವೆ ಕೊಟ್ಟರೆ ನೀವೇನು ಮಾಡುತ್ತೀರಿ? ಗಿಡದ ಸ್ಥಿತಿಯೂ ಅದೇ.

ಇದನ್ನು ತಪ್ಪಿಸಲು ಕೀಲೇಟ್ ರೂಪದ ಕಬ್ಬಿಣವನ್ನು ಬಳಸುತ್ತಾರೆ. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಕ್ಕೆ ಇರುವ ಪದದಿಂದ ಈ ಹೆಸರು ಬಂದಿದೆ. ಒಂದು ದೊಡ್ಡ ಅಣು ಕಬ್ಬಿಣವನ್ನು ಏಡಿಯಂತೆ ಹಿಡಿದುಕೊಂಡು, ತಳಕ್ಕೆ ಬೀಳದಂತೆ ನೀರಿನಲ್ಲೇ ತೇಲಾಡಿಸುತ್ತದೆ. ಆದರೆ ಪಿಎಚ್ ತೀರಾ ಏರಿದರೆ ಆ ಏಡಿಯ ಹಿಡಿತವೂ ಸಡಿಲವಾಗುತ್ತದೆ.

ಪಿಎಚ್ ಏರಿದ್ದೇಕೆ? ನಮ್ಮ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಪಾತ್ರೆಯಲ್ಲಿ ಕುದಿಸಿದರೆ ಬಿಳಿ ಹಿಟ್ಟು ಅಂಟುತ್ತದಲ್ಲ, ಅಂಥ ನೀರು. ಅದರಲ್ಲಿರುವ ಬೈಕಾರ್ಬೊನೇಟುಗಳು ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತವೆ. ಗಿಡ ನೈಟ್ರೇಟ್ ರೂಪದ ಸಾರಜನಕವನ್ನು ಕುಡಿಯುತ್ತಾ ಹೋದಂತೆಯೂ ನೀರಿನ ಪಿಎಚ್ ನಿಧಾನವಾಗಿ ಏರುತ್ತದೆ. ನಮ್ಮ ಊಹೆಯ ತೊಟ್ಟಿಯಲ್ಲಿ ಬೇಕಾಗಿದ್ದದ್ದು ಕಬ್ಬಿಣವಲ್ಲ, ತುಸು ಆಮ್ಲ. ಪಿಎಚ್ 6ಕ್ಕೆ ಇಳಿಸಿದ ಮೇಲೆ ಹುಟ್ಟಿದ ಎಲೆಗಳು ಹಸಿರಾಗಿ ಬಂದವು. (ಆಮ್ಲ ಬೆರೆಸುವುದು ದೊಡ್ಡವರ ಕೆಲಸ. ಕೈಗವಸು ಹಾಕಿಕೊಂಡು, ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ನೀವು ದೂರ ನಿಂತು ನೋಡಿ.)

ಕ್ಯಾಲ್ಸಿಯಂನ ಕತೆ ಇನ್ನೂ ವಿಚಿತ್ರ. ಅದು ಗಿಡದೊಳಗೆ ಸಾಗುವುದು ನೀರಿನ ಸವಾರಿಯಲ್ಲಿ. ಎಲೆಗಳು ನೀರನ್ನು ಆವಿಯಾಗಿ ಬಿಡುತ್ತವೆ. ಇದೇ ಬಾಷ್ಪವಿಸರ್ಜನೆ. ಯಾವ ಎಲೆ ಹೆಚ್ಚು ಆವಿ ಬಿಡುತ್ತದೋ ಅದರ ಕಡೆಗೆ ಹೆಚ್ಚು ನೀರು, ಹೆಚ್ಚು ಕ್ಯಾಲ್ಸಿಯಂ ಹರಿಯುತ್ತದೆ. ಎಳೆಯ ಸುಳಿ ಮತ್ತು ಕಾಯಿ ಬಹಳ ಕಡಿಮೆ ಆವಿ ಬಿಡುತ್ತವೆ. ಹೀಗಾಗಿ ಸುಡುಬಿಸಿಲಿನಲ್ಲಿ ನೀರೆಲ್ಲ ದೊಡ್ಡ ಎಲೆಗಳ ಪಾಲಾಗುತ್ತದೆ. ಗಾಳಿಯಾಡದ, ತೇವ ತುಂಬಿದ ಪಾಲಿಹೌಸಿನಲ್ಲಿ ನೀರಿನ ಓಟವೇ ನಿಧಾನವಾಗುತ್ತದೆ. ಎರಡೂ ಸಂದರ್ಭದಲ್ಲಿ ತೊಟ್ಟಿಯ ತುಂಬ ಕ್ಯಾಲ್ಸಿಯಂ ಇದ್ದರೂ ಚಿಗುರಿಗೆ ಕೊರತೆ! ಆಗ ಮದ್ದು ಗೊಬ್ಬರದ ಅಂಗಡಿಯಲ್ಲಿಲ್ಲ. ನೆರಳಿನ ಪರದೆ ಎಳೆಯುವುದು ಅಥವಾ ಬದಿಯ ಪರದೆ ಎತ್ತಿ ಗಾಳಿ ಬಿಡುವುದೇ ಮದ್ದು.

ಇನ್ನೊಂದು ತೊಡಕು ನೂಕುನುಗ್ಗಲಿನದು. ಬೇರಿನ ಬಾಗಿಲಲ್ಲಿ ಪೊಟ್ಯಾಸಿಯಂ ತುಂಬ ಹೆಚ್ಚಾದರೆ ಮೆಗ್ನೀಸಿಯಂಗೂ ಕ್ಯಾಲ್ಸಿಯಂಗೂ ಒಳಗೆ ಹೋಗಲು ಜಾಗ ಸಿಗುವುದಿಲ್ಲ. ಜಾತ್ರೆಯ ದಿನದ ಬಸ್ಸಿನ ಬಾಗಿಲು ನೆನಪಿಸಿಕೊಳ್ಳಿ. ಕಾಯಿ ದಪ್ಪವಾಗಲಿ ಎಂದು ಪೊಟ್ಯಾಸಿಯಂ ಹೆಚ್ಚು ಹಾಕಿದವರ ಗಿಡದಲ್ಲಿ ಮೆಗ್ನೀಸಿಯಂ ಕೊರತೆ ಕಾಣಿಸಿಕೊಳ್ಳುವುದು ಹೀಗೆ.

ಉಪ್ಪಿನಕಾಯಿಯಾದ ಗಿಡ

ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ. ನಾವು ನೀರು ಹಾಕಿಯೇ ಇರಲಿಲ್ಲ! ಹೊರಗೆ ಉಪ್ಪು ಹೆಚ್ಚಾದಾಗ ಹೋಳಿನ ಜೀವಕೋಶಗಳಿಂದ ನೀರು ಹೊರಗೆ ಬರುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ತೊಟ್ಟಿಯಲ್ಲಿ ಲವಣ ಅತಿಯಾದಾಗ ಬೇರಿಗೂ ನೀರು ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ಎಲೆಯ ತುದಿ, ಅಂಚು ಒಣಗಿ ಸುಡುತ್ತವೆ. ಎಲೆ ಕಡುಹಸಿರಾಗಿ ಕೆಳಕ್ಕೆ ಬಾಗುತ್ತದೆ. ನೀರಿನ ನಡುವೆಯೇ ಗಿಡಕ್ಕೆ ಬಾಯಾರಿಕೆ!

ಇದನ್ನು ಪೊಟ್ಯಾಸಿಯಂ ಕೊರತೆ ಎಂದು ತಪ್ಪು ತಿಳಿದು ಇನ್ನಷ್ಟು ಲವಣ ಹಾಕಿದರೆ? ಗಾಯಕ್ಕೆ ಉಪ್ಪು ಸವರಿದಂತೆಯೇ ಸರಿ. ನೀರಿನಲ್ಲಿ ಎಷ್ಟು ಲವಣವಿದೆ ಎಂದು ತಿಳಿಯಲು ಒಂದು ಪುಟ್ಟ ಮಾಪಕವಿದೆ. ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಆ ಮಾಪಕ ಅದನ್ನೇ ಅಳೆದು ಇಸಿ ಎಂಬ ಅಂಕಿಯನ್ನು ತೋರಿಸುತ್ತದೆ. ಬೆಳೆದ ಮೆಣಸಿನಕಾಯಿ ಗಿಡಕ್ಕೆ ಸಾಮಾನ್ಯವಾಗಿ ಇಸಿ 2ರಿಂದ 2.5ರ ಆಸುಪಾಸು ಸಾಕು. ಎಳೆಯ ಸಸಿಗೆ 1ರ ಸುತ್ತಮುತ್ತ ಇದ್ದರೆ ಹೆಚ್ಚು. ಬೇಸಿಗೆಯಲ್ಲಿ ಗಿಡ ಲವಣಕ್ಕಿಂತ ನೀರನ್ನೇ ಹೆಚ್ಚು ಕುಡಿಯುತ್ತದೆ. ತೊಟ್ಟಿಯ ನೀರು ತಗ್ಗುತ್ತದೆ, ಉಳಿದ ನೀರು ಸಾರು ಬತ್ತಿದಂತೆ ಗಟ್ಟಿಯಾಗುತ್ತದೆ. ಆಗ ಹಾಕಬೇಕಾದದ್ದು ಗೊಬ್ಬರದ ನೀರಲ್ಲ, ಬರೀ ನೀರು.

ಮುಚ್ಚಳ ತೆಗೆದು ನೋಡಿ

ಹೊಲದ ರೈತರಿಗೆ ಇಲ್ಲದ ಒಂದು ಅನುಕೂಲ ಬಕೆಟಿನಲ್ಲಿ ಗಿಡ ಬೆಳೆಸುವವರಿಗಿದೆ. ಮುಚ್ಚಳ ಎತ್ತಿ ಬೇರನ್ನು ನೋಡಬಹುದು! ಆದರೂ ಎಷ್ಟೋ ಜನ ಎಲೆಯನ್ನೇ ದಿಟ್ಟಿಸುತ್ತಾ ಕೂರುತ್ತಾರೆ, ಬೇರನ್ನು ನೋಡುವುದೇ ಇಲ್ಲ.

ಆರೋಗ್ಯವಂತ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು. ಮುಟ್ಟಿದರೆ ಗಟ್ಟಿ, ವಾಸನೆ ಇಲ್ಲ. ಅದು ಕಂದಾಗಿ, ಲೋಳೆಯಾಗಿ, ಎಳೆದರೆ ಸಿಪ್ಪೆ ಕಳಚಿ ದಾರದಂಥ ತಿರುಳು ಉಳಿದರೆ ಬೇರು ಕೊಳೆತಿದೆ. ಪಿಥಿಯಂ ಎಂಬ ಸೂಕ್ಷ್ಮಜೀವಿ ಇದಕ್ಕೆ ಸಾಮಾನ್ಯ ಕಾರಣ. ಅದಕ್ಕೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಬೆಚ್ಚಗಿನ ನೀರು. ಬೇರೂ ಉಸಿರಾಡುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಬಿಸಿಯಾದಾಗ ಬೇರಿಗೆ ಉಸಿರು ಹೆಚ್ಚು ಬೇಕು, ಆದರೆ ನೀರಿನಲ್ಲಿ ಅದು ಕಡಿಮೆ. ಅದಕ್ಕೇ ಮೀನಿನ ತೊಟ್ಟಿಯಲ್ಲಿ ಗುಳ್ಳೆ ಬಿಡುವ ಪಂಪನ್ನು ಇಲ್ಲೂ ಇಡುತ್ತಾರೆ, ತೊಟ್ಟಿಗೆ ಬಿಸಿಲು ಬೀಳದಂತೆ ನೆರಳು ಮಾಡುತ್ತಾರೆ.

ಬೇರು ಕೆಟ್ಟರೆ ಎಲೆಯ ಮೇಲೆ ಏನು ಕಾಣುತ್ತದೆ ಗೊತ್ತೇ? ಸಾರಜನಕದ ಕೊರತೆಯಂತೆ, ಕಬ್ಬಿಣದ ಕೊರತೆಯಂತೆ, ಎಲ್ಲ ಕೊರತೆಗಳೂ ಸೇರಿದಂತೆ ಕಾಣುತ್ತದೆ. ಬಾಯಿ ಹುಣ್ಣಾದವನು ಸೊರಗಿದ್ದಾನೆಂದು ಅವನ ಮುಂದೆ ಇನ್ನೂ ಎರಡು ರೊಟ್ಟಿ ಇಟ್ಟರೆ ಪ್ರಯೋಜನವೇನು?

ಎಲೆ ಮುದುಡಿದರೆ?

ಎಲ್ಲ ತೊಂದರೆಯೂ ನೀರಿನದೇ ಅಲ್ಲ. ಡಾಕ್ಟರ ಇನ್ನೊಂದು ಪ್ರಶ್ನೆ ನೆನಪಿದೆಯೇ? "ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?" ಒಂದೇ ತೊಟ್ಟಿಯ ಹತ್ತು ಗಿಡಗಳಲ್ಲಿ ಒಂಬತ್ತು ಚೆನ್ನಾಗಿದ್ದು ಒಂದು ಮಾತ್ರ ಸೊರಗಿದ್ದರೆ ತಪ್ಪು ನೀರಿನದಲ್ಲ. ಆ ಒಂದು ಗಿಡದ ಬೇರನ್ನೋ, ಎಲೆಯ ಅಡಿಯನ್ನೋ ನೋಡಬೇಕು. ಕೊರತೆಯ ಹಳದಿ ಎಲೆಯ ಎರಡೂ ಅರ್ಧದಲ್ಲಿ ಕನ್ನಡಿಯ ಬಿಂಬದಂತೆ ಸಮನಾಗಿ ಇರುತ್ತದೆ. ಕೀಟ ಮಾಡಿದ ಗಾಯ ಒಂದು ಕಡೆ ಇದ್ದು ಇನ್ನೊಂದು ಕಡೆ ಇರದು.

ಮೆಣಸಿನಕಾಯಿ ಬೆಳೆಯುವ ರೈತರು ಮುಟುರು ರೋಗ ಎನ್ನುವುದನ್ನು ನೀವು ಕೇಳಿರಬಹುದು. ಎಲೆ ಮುದುಡಿ ಗಿಡ ಮುರುಟುವ ಈ ರೋಗದ ಹಿಂದೆ ಬೇರೆ ಬೇರೆ ಕಳ್ಳರಿದ್ದಾರೆ. ಎಲೆಯ ಅಂಚುಗಳು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ಸುಮಾರು ಒಂದು ಮಿಲಿಮೀಟರ್ ಉದ್ದದ ಕೀಟ ರಸ ಹೀರಿರಬಹುದು. ಅಂಚುಗಳು ಕೆಳಕ್ಕೆ ಬಾಗಿ ಮಗುಚಿದ ದೋಣಿಯಂತಾಗಿದ್ದರೆ ನುಸಿಯ ಕೆಲಸ. ನುಸಿ ಎಷ್ಟು ಚಿಕ್ಕದೆಂದರೆ ಭೂತಗನ್ನಡಿ ಇಲ್ಲದೆ ಕಾಣುವುದೇ ಇಲ್ಲ. ಎಲೆಗಳು ತೀರಾ ಚಿಕ್ಕದಾಗಿ, ಗೊಂಚಲಾಗಿ ಸುರುಳಿಗೊಂಡಿದ್ದರೆ ಬಿಳಿನೊಣ ಹರಡುವ ವೈರಸ್ ಇರಬಹುದು. ಇದಕ್ಕೆ ಮದ್ದಿಲ್ಲ. ಉಳಿದವಕ್ಕೆ ಹರಡುವ ಮೊದಲು ಆ ಗಿಡವನ್ನು ಕಿತ್ತುಹಾಕಬೇಕಾಗುತ್ತದೆ.

ಇದು ಸಣ್ಣ ವಿಷಯವಲ್ಲ. 2021ರಲ್ಲಿ ಹೊರದೇಶದಿಂದ ಬಂದ ಕಪ್ಪು ಬಣ್ಣದ ಥ್ರಿಪ್ಸ್ ಆಂಧ್ರಪ್ರದೇಶ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿ, ಹೂವುಗಳಲ್ಲೇ ಮನೆ ಮಾಡಿ, ಬೆಳೆಯನ್ನು ಹಾಳುಮಾಡಿತು. ಮುದುಡಿದ ಎಲೆಗೆ ಯಾರಾದರೂ ಕ್ಯಾಲ್ಸಿಯಂ ಸಿಂಪಡಿಸುತ್ತಾ ಕೂತಿದ್ದರೆ ಅಷ್ಟರಲ್ಲಿ ಕೀಟ ಪಕ್ಕದ ಸಾಲಿಗೆ ದಾಟಿರುತ್ತದೆ.

ಎಲೆಯ ಅಡಿಯಲ್ಲಿ ಪುಟ್ಟ ಗುಳ್ಳೆಗಳಂಥ ಉಬ್ಬುಗಳನ್ನು ಕಂಡು ಕೀಟದ ಮೊಟ್ಟೆ ಎಂದು ಗಾಬರಿಯಾಗುವವರೂ ಇದ್ದಾರೆ. ಬೆರಳಿನಿಂದ ಉಜ್ಜಿದರೆ ಮೊಟ್ಟೆ ಉದುರುತ್ತದೆ, ಈ ಉಬ್ಬು ಉದುರುವುದಿಲ್ಲ. ತೇವದ ರಾತ್ರಿಗಳಲ್ಲಿ ಬೇರು ನೀರು ಕುಡಿಯುತ್ತಲೇ ಇದ್ದು, ಎಲೆ ಆವಿ ಬಿಡಲಾಗದೆ ಜೀವಕೋಶಗಳು ಉಬ್ಬಿದ್ದರಿಂದ ಆದ ಗುರುತು ಅದು. ಗಾಳಿ ಆಡಿದರೆ ಸಾಕು.

ಕೊನೆಗೊಂದು ಮಾತು ಮದ್ದಿನ ಬಗ್ಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಪಿಎಚ್ ಇಳಿಸಿ, ಕಬ್ಬಿಣ ಹಾಕಿ, ನೀರನ್ನೂ ಬದಲಿಸಿದರೆ ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಆದ್ದರಿಂದ ಹಳೆಯ ಎಲೆಯನ್ನು ನೋಡಿ ಮದ್ದು ನಾಟಿತೇ ಎಂದು ತೀರ್ಮಾನಿಸಬೇಡಿ. ಒಂದು ಎಳೆಯ ಎಲೆಯ ತೊಟ್ಟಿಗೆ ದಾರ ಕಟ್ಟಿ, ಅದಕ್ಕಿಂತ ಮೇಲೆ ಬರುವ ಎಲೆಗಳನ್ನು ಗಮನಿಸಿ.

ನೀವೂ ಮಾಡಿ ನೋಡಿ

1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬವರು ಪುದೀನ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರಿನಲ್ಲಿ ಬೆಳೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮಳೆನೀರಿಗಿಂತ ತೋಟದ ಮಣ್ಣು ಕದಡಿದ ನೀರಿನಲ್ಲಿ ಗಿಡ ಚೆನ್ನಾಗಿ ಬೆಳೆಯಿತು. ನೀವೂ ಇದನ್ನು ಶಾಲೆಯಲ್ಲಿ ಮಾಡಬಹುದು. ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ತೋಟದ ಮಣ್ಣನ್ನು ಕದಡಿ ತಿಳಿಯಾಗಿಸಿದ ಮಳೆನೀರು. ಬಾಟಲಿಗಳಿಗೆ ಕಪ್ಪು ಕಾಗದ ಸುತ್ತಿ, ಇಲ್ಲದಿದ್ದರೆ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ. ಎರಡರಲ್ಲೂ ಒಂದೇ ಉದ್ದದ ಪುದೀನ ಕಡ್ಡಿ ಇಡಿ. ವಾರಕ್ಕೊಮ್ಮೆ ಎಲೆಗಳ ಚಿತ್ರ ಬರೆದು ಬಣ್ಣ ತುಂಬಿ. ಹಳದಿ ಮೊದಲು ಎಲ್ಲಿ ಬಂತು, ಮೇಲೋ ಕೆಳಗೋ ಎಂದು ಬರೆದಿಡಿ.

ನೀರಿನ ಪಿಎಚ್ ನೋಡಲು ದಾಸವಾಳದ ಹೂವಿನ ರಸ ಸಾಲದು. ಅದು ಆಮ್ಲ, ಪ್ರತ್ಯಾಮ್ಲ ಎಂದಷ್ಟೇ ಹೇಳುತ್ತದೆ. 6ಕ್ಕೂ 7ಕ್ಕೂ ಇರುವ ವ್ಯತ್ಯಾಸ ತಿಳಿಯಲು ಪಿಎಚ್ ಕಾಗದ ಬೇಕು. ವಿಜ್ಞಾನದ ಮೇಷ್ಟ್ರನ್ನೋ ಮೇಡಂ ಅವರನ್ನೋ ಕೇಳಿ.

ಹೇಳಿ ನೋಡೋಣ

ಏಪ್ರಿಲ್ ತಿಂಗಳು. ತಾರಸಿಯ ಮೇಲೆ ಕಪ್ಪು ಬಣ್ಣದ ತೊಟ್ಟಿ. ಅದರಲ್ಲಿ ಆರು ಮೆಣಸಿನಕಾಯಿ ಗಿಡಗಳು. ಮಧ್ಯಾಹ್ನ ಆರೂ ಗಿಡಗಳ ಎಲೆ ಜೋತುಬೀಳುತ್ತವೆ, ಸಂಜೆ ತುಸು ಚೇತರಿಸಿಕೊಳ್ಳುತ್ತವೆ. ತೊಟ್ಟಿಯ ತುಂಬ ನೀರಿದೆ. ಪಿಎಚ್ 6, ಇಸಿ 2. ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿವೆ. ಎಲೆಯ ಅಡಿಯಲ್ಲಿ ಕೀಟವಿಲ್ಲ. ಕೈ ಅದ್ದಿದರೆ ನೀರು ಬೆಚ್ಚಗಿದೆ, ಬೇರಿನ ತುದಿಗಳು ಕಂದಾಗಿವೆ. ಗಿಡದ ಮಾಲೀಕರು ಸಾರಜನಕದ ಗೊಬ್ಬರದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಮ್ಮ ಕಡೆ ನೋಡುತ್ತಿದ್ದಾರೆ.

ಡಾಕ್ಟರೇ, ನೀವು ಏನು ಹೇಳುತ್ತೀರಿ?